15 ವರ್ಷ ದಾಟಿದ ಸ್ಕ್ವೀಝ್‌ಬಾಕ್ಸ್ ಟಚ್: ರಿಪೇರಿ, ಆರೈಕೆ ಮತ್ತು ಈಗ ಕೊಳ್ಳುವ ಮಾತು

ಲಾಜಿಟೆಕ್ ಕಂಪನಿಯ ಸ್ಕ್ವೀಝ್‌ಬಾಕ್ಸ್ ಟಚ್ ಅಂಗಡಿಗೆ ಬಂದದ್ದು 2010ರಲ್ಲಿ, ನಿಂತದ್ದು 2012ರಲ್ಲಿ. ಸಣ್ಣ ಪುಸ್ತಕದಷ್ಟು ಅಗಲದ ಪೆಟ್ಟಿಗೆ. ಮುಂದೆ 4.3 ಇಂಚಿನ ಟಚ್ ಪರದೆ; ಹಿಂದೆ ಅನಲಾಗ್, ಕೋಆಕ್ಸಿಯಲ್, ಆಪ್ಟಿಕಲ್ ಮೂರೂ ಔಟ್‌ಪುಟ್, ಈಥರ್‌ನೆಟ್, ಒಂದು ಯುಎಸ್‌ಬಿ ಕಿಂಡಿ. ಮನೆಯ ಇನ್ನೊಂದು ಮೂಲೆಯಲ್ಲಿರುವ ಸರ್ವರ್‌ನಿಂದ (ಹಾಡುಗಳನ್ನಿಟ್ಟು ಹಂಚುವ ಕಂಪ್ಯೂಟರ್) ಹಾಡನ್ನು ಜಾಲದ ಮೂಲಕ ತಂದು 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ ನುಡಿಸುವುದು ಇದರ ಕೆಲಸ. ಆ ಒಂದು ಕೆಲಸವನ್ನು ಇದು ಇವತ್ತಿಗೂ ಚೊಕ್ಕವಾಗಿ ಮಾಡುತ್ತದೆ. ಆದರೂ ಎಷ್ಟೋ ಮನೆಗಳಲ್ಲಿ "ಕೆಟ್ಟುಹೋಗಿದೆ" ಎಂದು ಅಟ್ಟ ಸೇರಿದೆ. ಹಾಗೆ ಅಟ್ಟ ಸೇರಿದವುಗಳಲ್ಲಿ ಬಹುಪಾಲು ಕೆಟ್ಟಿರುವುದಿಲ್ಲ. ಸೋತಿರುವುದು ಅಡಾಪ್ಟರ್, ಇಲ್ಲವೇ ರೌಟರ್‌ನ ಸೆಟ್ಟಿಂಗ್, ಇಲ್ಲವೇ ಹಳೇ ಹಾರ್ಡ್ ಡಿಸ್ಕ್.

ಇಷ್ಟು ವರ್ಷ ಇದು ಉಳಿದು ಬಂದದ್ದಕ್ಕೆ ಕಾರಣ ಪೆಟ್ಟಿಗೆಗಿಂತ ಹೆಚ್ಚಾಗಿ ಅದರ ಸರ್ವರ್ ತಂತ್ರಾಂಶ. ಕ್ಯಾಲಿಫೋರ್ನಿಯಾದ ಸ್ಲಿಮ್ ಡಿವೈಸಸ್ 2001ರಲ್ಲಿ ತನ್ನ ಮೊದಲ ಪ್ಲೇಯರ್ ತಂದಾಗಲೇ ಸರ್ವರ್ ತಂತ್ರಾಂಶವನ್ನು ಮುಕ್ತವಾಗಿ ಬಿಟ್ಟಿತು. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು ಕೊಂಡಿತು, ಆರು ವರ್ಷದ ಮೇಲೆ ಪ್ಲೇಯರ್‌ಗಳನ್ನು ನಿಲ್ಲಿಸಿತು, 2024ರ ಮಾರ್ಚ್‌ನಲ್ಲಿ ಮೈಸ್ಕ್ವೀಝ್‌ಬಾಕ್ಸ್ ಎಂಬ ತನ್ನ ಆನ್‌ಲೈನ್ ಸೇವೆಯನ್ನೂ ಮುಚ್ಚಿತು. ಸರ್ವರ್ ಮಾತ್ರ ಬೆಳೆಯುತ್ತಾ ಬಂದು, ಈಗ ಲಿರಿಯನ್ ಮ್ಯೂಸಿಕ್ ಸರ್ವರ್ (ಎಲ್‌ಎಂಎಸ್) ಎಂಬ ಹೆಸರಿನಲ್ಲಿದೆ. ಇಷ್ಟು ವರ್ಷ ಇದನ್ನು ನಡೆಸಿಕೊಂಡು ಬಂದವರಿಗೆ ಸಂಗೀತ ಕೇಳುವವರೆಲ್ಲ ಋಣಿಗಳು. ಇದೇ ಕಾಲದ ಬೇರೆ ಎಷ್ಟೋ ಮ್ಯೂಸಿಕ್ ಸರ್ವರ್‌ಗಳು, ಅದಕ್ಕಿಂತ ಹಲವು ಪಟ್ಟು ಬೆಲೆಯವು, ತಂತ್ರಾಂಶ ಸತ್ತು ಬರೀ ಅಲ್ಯೂಮಿನಿಯಂ ಡಬ್ಬಗಳಾಗಿ ಕೂತಿವೆ.

ಹಳೇ ಟಚ್ ಕೈಗೆ ಬಂದಾಗ ತೊಂದರೆಯನ್ನು ಹುಡುಕುವ ಕ್ರಮ ಒಂದೇ: ಮೊದಲು ಕರೆಂಟು, ಆಮೇಲೆ ಜಾಲ, ಆಮೇಲೆ ಸರ್ವರ್ ಮತ್ತು ಡಿಸ್ಕ್, ಕೊನೆಗೆ ಪೆಟ್ಟಿಗೆ. ಈ ಕ್ರಮ ತಪ್ಪಿಸಿ ಮೊದಲೇ ಪೆಟ್ಟಿಗೆ ಬಿಚ್ಚಿದವರು ಸಮಯ ಕಳೆದುಕೊಳ್ಳುತ್ತಾರೆ, ಕೆಲವೊಮ್ಮೆ ಪರದೆಯ ರಿಬ್ಬನ್ ಕೇಬಲನ್ನೂ ಕಳೆದುಕೊಳ್ಳುತ್ತಾರೆ.

ಅಡಾಪ್ಟರ್: ಮೊದಲ ಅನುಮಾನ ಇಲ್ಲೇ ಇರಲಿ

ಟಚ್‌ಗೆ ಬೇಕಾದದ್ದು 5 ವೋಲ್ಟ್ ಡಿಸಿ. ಜೊತೆಗೆ ಬಂದ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ಒಪ್ಪುವಂಥದ್ದು, ಹಾಗಾಗಿ ಅಮೆರಿಕದಿಂದ ತಂದ ಪೆಟ್ಟಿಗೆಗೂ ಇಲ್ಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಡ. ಪ್ಲಗ್ ಪರಿವರ್ತಕ ಸಾಕು. ಆದರೆ ಹತ್ತು ಹದಿನೈದು ವರ್ಷ ಹಗಲಿರುಳು ಚುಚ್ಚಿಕೊಂಡೇ ಇದ್ದ ಅಡಾಪ್ಟರ್‌ನ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಬಿಸಿಗೆ ಒಣಗಿರುತ್ತವೆ. ಲಕ್ಷಣಗಳು ನೋಡಲು ಬೇರೆಯದೇ ಕಾಯಿಲೆಯಂತೆ ಕಾಣುತ್ತವೆ: ಲೋಗೋ ಬಂದು ಅಲ್ಲೇ ನಿಲ್ಲುವುದು, ತಾನಾಗಿಯೇ ಮತ್ತೆ ಮತ್ತೆ ರೀಬೂಟ್ ಆಗುವುದು, ವೈ-ಫೈ ಸಿಕ್ಕು ತಪ್ಪುವುದು, ಪರದೆಯ ಬೆಳಕು ಮಿನುಗುವುದು, ಯುಎಸ್‌ಬಿಗೆ ಸಿಕ್ಕಿಸಿದ ಡಿಸ್ಕ್ ಕಾಣೆಯಾಗುವುದು. ವೈ-ಫೈ ಎಂದುಕೊಂಡು ರೌಟರ್ ಬದಲಿಸುವ ಮೊದಲು ಇದನ್ನು ನೋಡಿ.

ಮಲ್ಟಿಮೀಟರನ್ನು ಬರೀ ಅಡಾಪ್ಟರ್‌ನ ಪಿನ್ನಿಗೆ ಹಿಡಿದರೆ 5.1 ವೋಲ್ಟ್ ತೋರಿಸುತ್ತದೆ, ನೀವು "ಸರಿಯಿದೆ" ಎನ್ನುತ್ತೀರಿ. ಅದು ಹೊರೆ ಇಲ್ಲದಾಗಿನ ಲೆಕ್ಕ. ಅಳೆಯಬೇಕಾದದ್ದು ಟಚ್ ನುಡಿಯುತ್ತಿರುವಾಗ. ಒಂದು ಅಗ್ಗದ ಡಿಸಿ ಎಕ್ಸ್‌ಟೆನ್ಷನ್ ವೈರ್ ತಂದು, ನಡುವೆ ಎರಡೂ ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನು ಅರ್ಧ ಸೆಂಟಿಮೀಟರ್‌ನಷ್ಟು, ಎದುರುಬದುರಾಗದಂತೆ ಹಿಂದೆಮುಂದೆ ಮಾಡಿ ಸುಲಿದುಕೊಳ್ಳಿ. ಅಡಾಪ್ಟರ್ ಮತ್ತು ಟಚ್ ನಡುವೆ ಇದನ್ನು ಸೇರಿಸಿ, ಪರದೆಯ ಬೆಳಕು ಪೂರ್ತಿ ಏರಿಸಿ, ವೈ-ಫೈ ಮೇಲೆ ಹಾಡು ಹಾಕಿ, ಆಗ ಸುಲಿದ ಜಾಗದಲ್ಲಿ ಅಳೆಯಿರಿ. 4.9ರಿಂದ 5.2 ವೋಲ್ಟ್ ನಡುವೆ ಅಲುಗಾಡದೆ ನಿಂತರೆ ಒಳ್ಳೆಯದು. 4.75ಕ್ಕಿಂತ ಕೆಳಗಿಳಿದರೆ, ಅಥವಾ ಅಂಕಿ ಮೇಲೆ ಕೆಳಗೆ ಕುಣಿಯುತ್ತಿದ್ದರೆ, ಅಡಾಪ್ಟರ್ ಮುಗಿಯಿತು. ಇಷ್ಟು ಮಾಡಿಯೂ ಒಂದು ದೋಷ ತಪ್ಪಿಸಿಕೊಳ್ಳಬಹುದು. ಒಣಗಿದ ಕೆಪಾಸಿಟರ್‌ನಿಂದ ಬರುವ ರಿಪಲ್ (ವೋಲ್ಟೇಜ್‌ನ ಸಣ್ಣ ಏರಿಳಿತ) ಬಹಳ ವೇಗದ್ದು. ಸಾಮಾನ್ಯ ಮಲ್ಟಿಮೀಟರ್ ಅದನ್ನು ಹಿಡಿಯುವುದಿಲ್ಲ, ಆಸಿಲೋಸ್ಕೋಪ್ ಬೇಕು. ಸ್ಕೋಪ್ ಇಲ್ಲದವರಿಗೆ ಒಳ್ಳೆಯ ಬೇರೆ ಅಡಾಪ್ಟರ್ ಹಾಕಿ ಎರಡು ದಿನ ಕೇಳುವುದೇ ಪರೀಕ್ಷೆ.

ಬದಲಿಗೆ 5 ವೋಲ್ಟ್, 3 ಆಂಪಿಯರ್‌ನ ಹೆಸರುಳ್ಳ ಕಂಪನಿಯ ಎಸ್‌ಎಂಪಿಎಸ್ ಅಡಾಪ್ಟರ್ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥವು ಸಿಗುತ್ತವೆ. ಹೋಗುವಾಗ ಹಳೆಯದನ್ನು ಕೈಯಲ್ಲೇ ಒಯ್ಯಿರಿ, ಪಿನ್‌ನ ಹೊರ ವ್ಯಾಸ, ಒಳ ತೂತು ಎರಡನ್ನೂ ಹೋಲಿಸಿ, ನಡುವಿನ ಪಿನ್ ಪಾಸಿಟಿವ್ ಹೌದೇ ಎಂದು ಅಲ್ಲೇ ಮೀಟರ್ ಹಚ್ಚಿ ನೋಡಿ. ಇಲ್ಲಿ ಒಂದು ಅಪಾಯವಿದೆ. ಮನೆಯ ರೌಟರ್‌ನ 12 ವೋಲ್ಟ್ ಅಡಾಪ್ಟರ್‌ನ ಪಿನ್ ಇದಕ್ಕೂ ಕೂತುಬಿಡಬಹುದು. ಎರಡೂ ಕಪ್ಪು, ಎರಡೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ. ಧೂಳು ಒರೆಸುವಾಗ ಅದಲುಬದಲಾದರೆ ಪೆಟ್ಟಿಗೆ ಅಲ್ಲೇ ಸುಟ್ಟುಹೋಗುತ್ತದೆ. ಬಿಳಿ ಟೇಪ್ ಸುತ್ತಿ ದಪ್ಪಕ್ಷರದಲ್ಲಿ "5 ವೋಲ್ಟ್ ಟಚ್" ಎಂದು ಬರೆದಿಡಿ. ಒಂದು ನಿಮಿಷದ ಕೆಲಸ.

ಹಳೇ ಅಡಾಪ್ಟರನ್ನೇ ಬಿಚ್ಚಿ ಕೆಪಾಸಿಟರ್ ಬದಲಿಸಬಹುದೆ? ಬೆಸುಗೆ ಬಲ್ಲವರಿಗೆ ಆಗುವ ಮಾತು: 105 ಡಿಗ್ರಿ ಸೆಲ್ಸಿಯಸ್‌ನ, ಕಡಿಮೆ ಇಎಸ್‌ಆರ್‌ನ (ಒಳ ಪ್ರತಿರೋಧದ) ಕೆಪಾಸಿಟರ್, ಮೈಕ್ರೋಫ್ಯಾರಡ್ ಅಷ್ಟೇ, ವೋಲ್ಟೇಜ್ ಅಷ್ಟೇ ಅಥವಾ ಒಂದು ಮೆಟ್ಟಿಲು ಹೆಚ್ಚು. ಆದರೆ ಮೇನ್ಸ್ ಕಡೆಯ ದೊಡ್ಡ ಕೆಪಾಸಿಟರ್ ಸುಮಾರು 325 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ. ಅಂಟಿಸಿ ಮುಚ್ಚಿದ ಆ ಡಬ್ಬಿಯನ್ನು ಸೀಳಿ ಮತ್ತೆ ಭದ್ರವಾಗಿ ಮುಚ್ಚುವುದೂ ಕಷ್ಟ. ಹೊಸದನ್ನು ಕೊಳ್ಳುವುದೇ ಜಾಣತನ.

ದುಬಾರಿ ಲೀನಿಯರ್ ಪವರ್ ಸಪ್ಲೈ ಬಗ್ಗೆ ಬಹಳ ಮಾತು ಕೇಳಿಬರುತ್ತದೆ. ಟಚ್‌ನ ಡಿಜಿಟಲ್ ಔಟ್‌ಪುಟ್‌ನಿಂದ ಒಳ್ಳೆಯ ಡ್ಯಾಕ್‌ಗೆ (ಡಿಜಿಟಲ್ ಹಾಡನ್ನು ಅನಲಾಗ್ ಮಾಡುವ ಪೆಟ್ಟಿಗೆಗೆ) ಹಾಕಿಕೊಂಡು ಕೇಳುವವರಿಗೆ, ಅದರಲ್ಲೂ ಆಪ್ಟಿಕಲ್ ಕೇಬಲ್‌ನಲ್ಲಿ, ಆ ಹಣ ಬೇಡ. ಅದೇ ಹಣವನ್ನು ಬ್ಯಾಕಪ್ ಡಿಸ್ಕ್‌ಗೆ ಹಾಕಿ.

ಜಾಲ, ಮತ್ತು ಕರೆಂಟು ಹೋಗಿ ಬಂದ ಮೇಲಿನ ಗೋಳು

ಟಚ್‌ನ ವೈ-ಫೈ 802.11ಜಿ ಕಾಲದ್ದು. ಅದಕ್ಕೆ ಗೊತ್ತಿರುವುದು 2.4 ಗಿಗಾಹರ್ಟ್ಸ್ ಮಾತ್ರ, ಡಬ್ಲ್ಯೂಪಿಎ2ವರೆಗೆ ಮಾತ್ರ. ಹೊಸ ಫೈಬರ್ ಸಂಪರ್ಕದ ಜೊತೆ ಬರುವ ರೌಟರ್ 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ಕೂಡಿಸಿರುತ್ತದೆ, ಡಬ್ಲ್ಯೂಪಿಎ3 ಹಾಕಿರುತ್ತದೆ. ಅಲ್ಲಿಗೆ ಟಚ್‌ಗೆ ಬಾಗಿಲು ಮುಚ್ಚಿತು. ರೌಟರ್‌ನ ಸೆಟ್ಟಿಂಗ್‌ನಲ್ಲಿ 2.4ಕ್ಕೆ ಬೇರೆ ಹೆಸರು ಕೊಡಿ, ಭದ್ರತೆಯನ್ನು ಡಬ್ಲ್ಯೂಪಿಎ2 ಪಿಎಸ್‌ಕೆ, ಎಇಎಸ್ ಮಾಡಿ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ, ಚಾನೆಲನ್ನು 1, 6, 11 ಇವುಗಳಲ್ಲಿ ಒಂದಕ್ಕೆ ಕಟ್ಟಿಹಾಕಿ. ಚಾನೆಲನ್ನು "ಆಟೋ" ಬಿಟ್ಟರೆ ರೌಟರ್ ಒಂದು ದಿನ 12 ಅಥವಾ 13ಕ್ಕೆ ಹಾರಬಹುದು. ನಮ್ಮಲ್ಲಿ ಅವು ನಡೆಯುತ್ತವೆ, ಆದರೆ ಅಮೆರಿಕದಲ್ಲಿ ಮಾರಿದ ಪೆಟ್ಟಿಗೆಗೆ 11ರ ಆಚೆಗಿನದು ಕಾಣುವುದೇ ಇಲ್ಲ. ನಿನ್ನೆಯವರೆಗೆ ಚೆನ್ನಾಗಿದ್ದದ್ದು ಇವತ್ತು ವೈ-ಫೈ ಹೆಸರನ್ನೇ ತೋರಿಸುತ್ತಿಲ್ಲ ಎಂಬ ದೂರಿನ ಹಿಂದೆ ಇದೇ ಇರಬಹುದು.

ಸಾಧ್ಯವಿದ್ದರೆ ಈಥರ್‌ನೆಟ್ ಕೇಬಲ್ ಎಳೆಯಿರಿ. ಟಚ್‌ಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಸಿಡಿ ಮಟ್ಟದ ಫ್ಲ್ಯಾಕ್ (ಗುಣ ಕಳೆಯದೆ ಕುಗ್ಗಿಸಿದ) ಕಡತಕ್ಕೆ ಸೆಕೆಂಡಿಗೆ 1 ಮೆಗಾಬಿಟ್‌ನ ಆಸುಪಾಸು, 24/96ಕ್ಕೆ ಸುಮಾರು 3 ಮೆಗಾಬಿಟ್ ಬೇಕು. ಲೆಕ್ಕಕ್ಕೆ 802.11ಜಿಗೆ ಇದು ಹಗುರ. ಆದರೆ ಎರಡು ಗೋಡೆ, ಪಕ್ಕದ ಮನೆಗಳ ಹತ್ತಾರು ರೌಟರ್, ಅಡುಗೆಮನೆಯ ಮೈಕ್ರೋವೇವ್ ಸೇರಿದಾಗ ಹಾಡು ತೊದಲುತ್ತದೆ. ತೊದಲು ಜಾಲದ್ದೋ ಸರ್ವರ್‌ನದ್ದೋ ತಿಳಿಯಲು ಸುಲಭದ ದಾರಿ ಇದೆ. ಸರ್ವರ್‌ನಲ್ಲಿ ಆ ಪ್ಲೇಯರ್‌ನ ಆಡಿಯೋ ಸೆಟ್ಟಿಂಗ್‌ಗೆ ಹೋಗಿ ಬಿಟ್‌ರೇಟ್ ಮಿತಿಯನ್ನು 320 ಮಾಡಿ, ತೊದಲಿದ ಆ ಹಾಡನ್ನೇ ಮತ್ತೆ ಹಾಕಿ. ತೊದಲು ನಿಂತರೆ ವೈ-ಫೈ ಸೋತಿದೆ. ನಿಲ್ಲದಿದ್ದರೆ ಡಿಸ್ಕ್ ಅಥವಾ ಸರ್ವರ್ ಕಡೆ ನೋಡಿ. ಪರೀಕ್ಷೆ ಮುಗಿದ ಮೇಲೆ ಮಿತಿ ತೆಗೆಯಲು ಮರೆಯಬೇಡಿ.

ನಮ್ಮ ಊರುಗಳಲ್ಲಿ ಟಚ್ "ಸರ್ವರ್ ಸಿಗುತ್ತಿಲ್ಲ" ಎನ್ನಲು ದೊಡ್ಡ ಕಾರಣ ಬೇರೆ: ಕರೆಂಟು. ಕರೆಂಟು ಹೋಗಿ ಬಂದಾಗ ರೌಟರ್, ಸರ್ವರ್, ಟಚ್ ಮೂರೂ ಒಂದೇ ಕ್ಷಣದಲ್ಲಿ ಏಳುತ್ತವೆ. ರೌಟರ್ ತಯಾರಾಗಲು ಒಂದೆರಡು ನಿಮಿಷ ಬೇಕು. ಅಷ್ಟರೊಳಗೆ ವಿಳಾಸ ಕೇಳಿದ ಟಚ್‌ಗೆ ಉತ್ತರ ಸಿಗುವುದಿಲ್ಲ. ಅದು ತಾನೇ ಒಂದು ವಿಳಾಸ ಇಟ್ಟುಕೊಂಡು ಕೂರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್‌ಡ್, ಅಲ್ಲಿ ಡಯಾಗ್ನಾಸ್ಟಿಕ್ಸ್ ತೆರೆದು ಐಪಿ ವಿಳಾಸ ನೋಡಿ. 169.254 ಎಂದು ಶುರುವಾಗುತ್ತಿದ್ದರೆ ಇದೇ ಕಥೆ. ಟಚ್‌ನ ಪ್ಲಗ್ ಕಿತ್ತು, ಹತ್ತು ಸೆಕೆಂಡ್ ಬಿಟ್ಟು ಹಾಕಿದರೆ ಸರಿಹೋಗುತ್ತದೆ. ಪ್ರತಿ ಸಲ ಹೀಗೆ ಮಾಡುವುದು ಬೇಡವೆಂದರೆ ರೌಟರ್‌ಗೆ ಒಂದು ಸಣ್ಣ 12 ವೋಲ್ಟ್ ಯುಪಿಎಸ್ ಕೊಡಿ, ಮತ್ತು ರೌಟರ್ ವಿಳಾಸ ಹಂಚುವ ಡಿಎಚ್‌ಸಿಪಿ ಪಟ್ಟಿಯಲ್ಲಿ ಸರ್ವರ್, ಟಚ್ ಎರಡಕ್ಕೂ ವಿಳಾಸ ಕಾಯ್ದಿರಿಸಿ. ಸರ್ವರ್‌ನ ವಿಳಾಸ ದಿನಕ್ಕೊಂದಾದರೆ ಹಳೇ ಪ್ಲೇಯರ್‌ಗಳು ನಿನ್ನೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಾ ಕೂರುತ್ತವೆ.

ವಿಳಾಸ ಸರಿಯಿದ್ದೂ ಸರ್ವರ್ ಕಾಣದಿದ್ದರೆ, ಟಚ್ "ಗೆಸ್ಟ್" ಜಾಲದಲ್ಲಿದೆಯೇ ನೋಡಿ. ಅಲ್ಲಿದ್ದರೆ ಮನೆಯ ಬೇರೆ ಯಂತ್ರಗಳು ಅದಕ್ಕೆ ಕಾಣುವುದಿಲ್ಲ. ಸರ್ವರ್ ಓಡುವ ಕಂಪ್ಯೂಟರ್‌ನಲ್ಲಿ ಫೈರ್‌ವಾಲ್ ಇದ್ದರೆ ಟಿಸಿಪಿ 9000, 9090, 3483 ಹಾಗೂ ಯುಡಿಪಿ 3483 ಕಿಂಡಿಗಳು (ಪೋರ್ಟ್) ತೆರೆದಿರಬೇಕು. ಬಹಳ ಜನ ಯುಡಿಪಿ 3483 ಬಿಟ್ಟುಬಿಡುತ್ತಾರೆ. ಆಗ ಬ್ರೌಸರ್‌ನಲ್ಲಿ ಎಲ್ಲ ಕಾಣುತ್ತದೆ, ಟಚ್‌ಗೆ ಮಾತ್ರ ಸರ್ವರ್ ಸಿಗದು, ಏಕೆಂದರೆ ಪ್ಲೇಯರ್ ತನ್ನ ಸರ್ವರನ್ನು ಕೂಗಿ ಹುಡುಕುವುದು ಆ ಕಿಂಡಿಯಲ್ಲೇ.

ಸರ್ವರ್: ಹಳೆಯದನ್ನು ಬಿಡಿ

ಟಚ್‌ನ ಹಿಂದಿನ ಯುಎಸ್‌ಬಿಗೆ ಡಿಸ್ಕ್ ಸಿಕ್ಕಿಸಿ ಅದನ್ನೇ ಪುಟ್ಟ ಸರ್ವರ್ ಮಾಡಿಕೊಳ್ಳುವ ಸೌಲಭ್ಯವನ್ನು ಅಂದು ಹೊಗಳಿ ಮಾರಿದರು. 128 ಮೆಗಾಬೈಟ್ ರ್‍ಯಾಮ್‌ನ ಯಂತ್ರಕ್ಕೆ ಅದು ಅಂದೂ ಭಾರ, ಇಂದಂತೂ ಬೇಡವೇ ಬೇಡ. ಸಾವಿರಾರು ಹಾಡನ್ನು ಓದಿ ಪಟ್ಟಿ ಮಾಡುವ ಸ್ಕ್ಯಾನ್ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಪರದೆ ಹೆಪ್ಪುಗಟ್ಟುತ್ತದೆ, ಡಿಸ್ಕ್‌ನ ಹೊರೆ ಅದೇ ದಣಿದ ಅಡಾಪ್ಟರ್ ಮೇಲೆ ಬೀಳುತ್ತದೆ. ಆ ಸೌಲಭ್ಯವನ್ನು ನಿಲ್ಲಿಸಿ, ಸರ್ವರನ್ನು ಬೇರೆ ಕಡೆ ಇಡಿ.

ಎಲ್ಲಕ್ಕಿಂತ ನೆಮ್ಮದಿಯ ಜೋಡಿ: 2 ಗಿಗಾಬೈಟ್‌ನ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಅದರ ಅಧಿಕೃತ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್, ಒಳ್ಳೆಯ 16 ಗಿಗಾಬೈಟ್ ಮೈಕ್ರೋ ಎಸ್‌ಡಿ ಕಾರ್ಡ್, ಅದರ ಮೇಲೆ ಪೈಕೋರ್‌ಪ್ಲೇಯರ್ ಎಂಬ ತಂತ್ರಾಂಶ. ಇದನ್ನು ಒತ್ತಿ ಹೇಳಲು ಕಾರಣವಿದೆ. ಪೈಕೋರ್‌ಪ್ಲೇಯರ್ ಏಳುವಾಗ ಪೂರ್ತಿ ರ್‍ಯಾಮ್‌ಗೆ ಏರಿಕೊಂಡು ಅಲ್ಲಿಂದಲೇ ಓಡುತ್ತದೆ, ಕಾರ್ಡಿಗೆ ಪದೇಪದೇ ಬರೆಯುವುದಿಲ್ಲ. ಹಾಗಾಗಿ ಕರೆಂಟು ಧಡಕ್ಕನೆ ಹೋದರೂ ಕಾರ್ಡು ಕೆಡುವುದು ಅಪರೂಪ. ದಿನಕ್ಕೆ ಎರಡು ಸಲ ಕರೆಂಟು ಹೋಗುವ ಊರಿಗೆ ಇದಕ್ಕಿಂತ ಒಪ್ಪುವುದು ಇನ್ನೊಂದಿಲ್ಲ.

ಹಾಕುವಾಗ ಎಡವುವ ಜಾಗ ಎರಡು. ಕಾರ್ಡಿನ ಎರಡನೇ ಭಾಗ ಆರಂಭದಲ್ಲಿ ಬಹಳ ಚಿಕ್ಕದು. ಬ್ರೌಸರ್‌ನಲ್ಲಿ ಕಾಣುವ ಪೈಕೋರ್‌ಪ್ಲೇಯರ್ ಮುಖಪುಟದ "ರೀಸೈಝ್ ಎಫ್‌ಎಸ್" ಒತ್ತಿ ಅದನ್ನು ಹಿಗ್ಗಿಸಿದ ಮೇಲೆಯೇ ಎಲ್‌ಎಂಎಸ್ ಪುಟಕ್ಕೆ ಹೋಗಿ ಸರ್ವರ್ ಹಾಕಬೇಕು. ಹಿಗ್ಗಿಸದೆ ಹಾಕಿದರೆ ಜಾಗ ಸಾಲದೆ ಅರ್ಧದಲ್ಲಿ ನಿಲ್ಲುತ್ತದೆ. ಎರಡನೆಯದು, ಬದಲಾವಣೆಗಳು ರ್‍ಯಾಮ್‌ನಲ್ಲಿರುತ್ತವೆ, "ಬ್ಯಾಕಪ್" ಒತ್ತದಿದ್ದರೆ ಮುಂದಿನ ರೀಬೂಟ್‌ಗೆ ಮಾಯ. ಹಾಡಿನ ಡಿಸ್ಕನ್ನು ಎಕ್ಸ್‌ಟಿ4 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಎಲ್‌ಎಂಎಸ್ ಪುಟದಲ್ಲೇ ಮೌಂಟ್ ಮಾಡಿ (ಬಳಕೆಗೆ ಜೋಡಿಸಿ), ಸರ್ವರ್‌ನ ದತ್ತಾಂಶವನ್ನೂ ಆ ಡಿಸ್ಕ್‌ಗೆ ಸಾಗಿಸುವ ಆಯ್ಕೆ ಇದೆ, ಬಳಸಿ. ಆಮೇಲೆ ಬ್ರೌಸರ್‌ನಲ್ಲಿ ಪೈನ ವಿಳಾಸ, ಕೋಲನ್, 9000 ಎಂದು ಹೊಡೆದರೆ ಸರ್ವರ್ ತೆರೆಯುತ್ತದೆ. ಪ್ಲಗಿನ್ ಪಟ್ಟಿಯಿಂದ ಮೆಟೀರಿಯಲ್ ಸ್ಕಿನ್ (ಬ್ರೌಸರ್‌ನಲ್ಲಿ ಕಾಣುವ ಬೇರೆ ರೂಪ) ಹಾಕಿಕೊಳ್ಳಿ. ಫೋನಿನಲ್ಲಿ ಅದೊಂದೇ ಸಾಕು, ಬೇರೆ ಆ್ಯಪ್ ಬೇಡ.

ಟಚ್‌ನ ಒಳಗಿನ ಫರ್ಮ್‌ವೇರ್ (ಅದನ್ನು ನಡೆಸುವ ತಂತ್ರಾಂಶ) 7.7.3 ಆಗಿದ್ದರೆ ಒಂದು ವಿಚಿತ್ರ ಗೊತ್ತಿರಲಿ. ಆ ಫರ್ಮ್‌ವೇರ್‌ನಲ್ಲಿ ಆವೃತ್ತಿ ಹೋಲಿಸುವ ಕಡೆ ತಪ್ಪಿದೆ; 8 ಮತ್ತು ಅದರಾಚೆಯ ಸರ್ವರನ್ನು ಅದು ತನ್ನದಲ್ಲವೆಂದು ತಳ್ಳುತ್ತದೆ. ಅದಕ್ಕೇ ಹೊಸ ಸರ್ವರ್ ಹಳೇ ಪ್ಲೇಯರ್‌ಗಳಿಗೆ ತನ್ನನ್ನು 7.999.999 ಎಂದು ಪರಿಚಯಿಸಿಕೊಳ್ಳುತ್ತದೆ. ಈ ಅಂಕಿ ಎಲ್ಲಾದರೂ ಕಂಡರೆ ಗಾಬರಿ ಬೇಡ. ಬಳಕೆದಾರರ ಸಮುದಾಯ ತಯಾರಿಸಿದ 8ರ ಸರಣಿಯ ಫರ್ಮ್‌ವೇರ್ ಇದೆ, ಸರ್ವರ್ ಮೂಲಕವೇ ಟಚ್‌ಗೆ ಹಾಕಬಹುದು. ಹಾಕುವಾಗ ವೈ-ಫೈ ಬೇಡ, ಕೇಬಲ್ ಇರಲಿ. ಕರೆಂಟಿನ ನಂಬಿಕೆ ಇಲ್ಲದ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಟಚ್‌ಗೆ ಬೇರೆ ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ ಮೂಲಕ ಒಳಹೋಗುವ ಮೂಲ ಪಾಸ್‌ವರ್ಡ್ 1234. ಇಂಥ ಪೆಟ್ಟಿಗೆಯ ಯಾವ ಕಿಂಡಿಯನ್ನೂ ರೌಟರ್‌ನಿಂದ ಹೊರ ಜಗತ್ತಿಗೆ ತೆರೆಯಬೇಡಿ.

192 ಕಿಲೋಹರ್ಟ್ಸ್‌ನ ಕಡತಗಳನ್ನು ಸರ್ವರ್ ತಾನಾಗಿಯೇ 96ಕ್ಕೆ ಇಳಿಸಿ ಟಚ್‌ಗೆ ಕಳಿಸುತ್ತದೆ. ಪೈ 4ಕ್ಕೆ ಇದು ಲೆಕ್ಕಕ್ಕಿಲ್ಲ. ಹಳೇ ನ್ಯಾಸ್‌ಗಳ (ಜಾಲಕ್ಕೆ ಸೇರಿಸುವ ಡಿಸ್ಕ್ ಪೆಟ್ಟಿಗೆಗಳ) ಪ್ರೊಸೆಸರ್ ಮಾತ್ರ ಇಲ್ಲೇ ಏದುಸಿರು ಬಿಡುವುದು; ಸಿಡಿ ಹಾಡು ಸರಾಗ, 192ರದ್ದು ಮಾತ್ರ ತೊದಲು ಎಂದಾದರೆ ಕಾರಣ ಇದೇ.

ಡಿಸ್ಕ್

ಮ್ಯೂಸಿಕ್ ಸರ್ವರ್‌ನಲ್ಲಿ ನಿಜವಾಗಿ ಬೆಲೆಬಾಳುವುದು ಡಿಸ್ಕ್‌ನ ಮೇಲಿರುವ ಹಾಡು. ಪ್ಲೇಯರ್ ಮತ್ತೆ ಸಿಗುತ್ತದೆ. ಐದಾರು ವರ್ಷ ಕೂತು ಸಿಡಿಯಿಂದ ತೆಗೆದು, ಹೆಸರು ತಿದ್ದಿ ಜೋಡಿಸಿದ ಸಂಗ್ರಹ ಮತ್ತೆ ಸಿಗದು. ತಿಂಗಳಿಗೊಮ್ಮೆ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ತೆಗೆಯಿರಿ, ನಾಲ್ಕು ಸಾಲು ಮಾತ್ರ ನೋಡಿ. 5 ಎಂಬ ಸಂಖ್ಯೆಯ ಸಾಲು, ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್‌ಗಳು. 197, ಓದಲು ತಿಣುಕಿ ಕಾದಿಟ್ಟವು. 198, ಓದಲಾಗದವು. 197 ಅಥವಾ 198 ಸೊನ್ನೆಯಲ್ಲದೆ ವರದಿಯಿಂದ ವರದಿಗೆ ಏರುತ್ತಿದ್ದರೆ, ಸ್ಕ್ಯಾನ್ ಗೀನ್ ಬಿಟ್ಟು ಮೊದಲು ನಕಲು ತೆಗೆಯಿರಿ. ಸಾಯುವ ಡಿಸ್ಕನ್ನು ಪರೀಕ್ಷೆಗೆಂದು ಪದೇಪದೇ ಓಡಿಸುವುದು ಇದ್ದದ್ದನ್ನೂ ಕಳೆಯುವ ದಾರಿ. 199 ಏರಿದರೆ ಡಿಸ್ಕ್‌ನ ತಪ್ಪಲ್ಲ, ಕೇಬಲ್‌ನದ್ದು, ಕೇಬಲ್ ಬದಲಿಸಿ.

ಪೈ 4ರ ನಾಲ್ಕೂ ಯುಎಸ್‌ಬಿ ಕಿಂಡಿ ಸೇರಿ ಕೊಡುವುದು 1.2 ಆಂಪಿಯರ್. ಒಂದು 2.5 ಇಂಚಿನ ಡಿಸ್ಕ್‌ಗೆ ಸಾಕು, ಎರಡಕ್ಕೆ ಸಾಲದು. ಬ್ಯಾಕಪ್ ಡಿಸ್ಕನ್ನೂ ಅಲ್ಲೇ ಸಿಕ್ಕಿಸಿ ಎರಡೂ ಒಟ್ಟಿಗೆ ಮಾಯವಾಗುವುದು ಹೀಗೇ. ಈಗ ಕೊಳ್ಳುವವರಿಗೆ 1 ಟೆರಾಬೈಟ್ ಎಸ್‌ಎಸ್‌ಡಿ ಸಾಕು: ಫ್ಲ್ಯಾಕ್‌ನಲ್ಲಿ ಒಂದು ಸಿಡಿಗೆ 300ರಿಂದ 400 ಮೆಗಾಬೈಟ್ ಎಂದಿಟ್ಟುಕೊಂಡರೆ 2,500 ಸಿಡಿಯಾದರೂ ಹಿಡಿಯುತ್ತದೆ. ಫ್ಲ್ಯಾಕ್ ಕಡತದೊಳಗೇ ಹಾಡಿನ ಎಂಡಿ5 ಗುರುತು ಇರುತ್ತದೆ. ಹಾಗಾಗಿ ಫ್ಲ್ಯಾಕ್‌ನ "ಟೆಸ್ಟ್" ಆಯ್ಕೆಯಿಂದ ಇಡೀ ಸಂಗ್ರಹವನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿ, ಕೆಟ್ಟ ಕಡತಗಳನ್ನು ಬ್ಯಾಕಪ್‌ನಿಂದ ತುಂಬಿಕೊಳ್ಳಬಹುದು. ಎಂಪಿ3ಯಲ್ಲಿ ಈ ಅನುಕೂಲವಿಲ್ಲ.

ಸ್ಕ್ಯಾನ್ ಒಂದೇ ಅಂಕಿಯಲ್ಲಿ ಗಂಟೆಗಟ್ಟಲೆ ನಿಂತರೆ, ಸರ್ವರ್‌ನ ಮಾಹಿತಿ ಪುಟದಲ್ಲಿ ಸ್ಕ್ಯಾನರ್ ಲಾಗ್ ತೆರೆಯಿರಿ. ಅದರ ಕೊನೆಯ ಸಾಲಿನಲ್ಲಿರುವ ಕಡತವನ್ನು ಹೊರಗೆ ಸರಿಸಿ ಮತ್ತೆ ಓಡಿಸಿ. ಅದೇ ಹಾಳಾದ ಕಡತವಾಗಿರುವ ಸಂಭವ ಹೆಚ್ಚು. ಕರೆಂಟು ಹೋದ ಮೇಲೆ ಆಲ್ಬಂಗಳು ಎರಡೆರಡು ಕಾಣುವುದು, ಕೆಲವು ಕಾಣೆಯಾಗುವುದು ಆದರೆ "ಎಲ್ಲ ಅಳಿಸಿ ಮತ್ತೆ ಸ್ಕ್ಯಾನ್" ಕೊಡಿ; ಅಳಿಯುವುದು ಪಟ್ಟಿ ಮಾತ್ರ, ಹಾಡಲ್ಲ.

ಕಚೇರಿ ಸಂಗೀತದ ಸಂಗ್ರಹವಿದ್ದವರಿಗೆ ಈ ಸರ್ವರ್‌ನಂಥ ಸ್ನೇಹಿತ ಇನ್ನೊಂದಿಲ್ಲ. ಕಲಾವಿದರ ಜೊತೆಗೆ ಕಂಪೋಸರ್, ಬ್ಯಾಂಡ್, ಆಲ್ಬಂ ಆರ್ಟಿಸ್ಟ್ ಎಂಬ ಟ್ಯಾಗ್‌ಗಳನ್ನೂ ಅದು ಬೇರೆಬೇರೆಯಾಗಿ ಗುರುತಿಸುತ್ತದೆ. ಹಾಡುವವರನ್ನು ಆಲ್ಬಂ ಆರ್ಟಿಸ್ಟ್‌ಗೆ, ಪುರಂದರದಾಸರು, ತ್ಯಾಗರಾಜರನ್ನು ಕಂಪೋಸರ್‌ಗೆ, ಪಿಟೀಲು ಮೃದಂಗದವರನ್ನು ಬ್ಯಾಂಡ್‌ಗೆ, ರಾಗವನ್ನು ಜಾನರ್‌ಗೆ ಹಾಕಿ. ಆಗ ಒಂದು ಒತ್ತಿಗೆ ಮನೆಯಲ್ಲಿರುವ ತೋಡಿಗಳೆಲ್ಲ ಒಟ್ಟಿಗೆ ಬರುತ್ತವೆ, ಯಾರು ಹಾಡಿದ್ದರೂ ಸರಿ. ರಾಗಮಾಲಿಕೆಗೆ ಹಲವು ರಾಗ ಬರೆಯಬೇಕಲ್ಲ, ಸೆಟ್ಟಿಂಗ್ಸ್‌ನಲ್ಲಿ ಟ್ಯಾಗ್ ಬೇರ್ಪಡಿಸುವ ಚಿಹ್ನೆಯಾಗಿ ಅರ್ಧವಿರಾಮ ಕೊಟ್ಟು, ಟ್ಯಾಗ್‌ನಲ್ಲಿ ಅದನ್ನೇ ಬಳಸಿ. ಕಾಗುಣಿತ ಒಂದೇ ಇರಲಿ. ಇಂಗ್ಲಿಷ್ ಅಕ್ಷರದಲ್ಲಿ ಕಲ್ಯಾಣಿಯನ್ನು ಮೂರು ಬಗೆಯಲ್ಲಿ ಬರೆದರೆ ಸರ್ವರ್‌ಗೆ ಅವು ಮೂರು ರಾಗ. ಕನ್ನಡದಲ್ಲೇ ಬರೆದರೆ ಫೋನಿನಲ್ಲಿ ಸೊಗಸಾಗಿ ಕಾಣುತ್ತದೆ, ಟಚ್‌ನ ಪರದೆಯಲ್ಲಿ ಮಾತ್ರ ಕನ್ನಡ ಸರಿಯಾಗಿ ಮೂಡುವುದಿಲ್ಲ. ಇದು ಟಚ್‌ನ ಕೊರತೆಯೇ, ಮನಸ್ಸಿಗೆ ನೋವೂ ಹೌದು. ಆಲಾಪನೆ, ಕೃತಿ, ತನಿ ಬೇರೆಬೇರೆ ಟ್ರ್ಯಾಕ್ ಆಗಿದ್ದರೆ ಕ್ರಾಸ್‌ಫೇಡ್ ಆಫ್ ಇರಲಿ; ಫ್ಲ್ಯಾಕ್‌ನಲ್ಲಿ ನಡುವೆ ಕೂದಲೆಳೆಯ ಮೌನವೂ ಬರುವುದಿಲ್ಲ.

ಪೆಟ್ಟಿಗೆಯಲ್ಲೇ ತೊಂದರೆ ಇದ್ದರೆ

ಇಷ್ಟೆಲ್ಲ ಸರಿಯಿದ್ದೂ ಟಚ್ ಹಟ ಹಿಡಿದರೆ ಫ್ಯಾಕ್ಟರಿ ರೀಸೆಟ್: ಪ್ಲಗ್ ಕೀಳಿ, ಹಿಂಭಾಗದ ಸಣ್ಣ ರೀಸೆಟ್ ಗುಂಡಿ ಒತ್ತಿ ಹಿಡಿದೇ ಪ್ಲಗ್ ಹಾಕಿ, ಪರದೆಯಲ್ಲಿ ರೀಸೆಟ್ ಸಂದೇಶ ಬಂದ ಮೇಲೆ ಬಿಡಿ. ಮುಚ್ಚಿಹೋದ ಆನ್‌ಲೈನ್ ಸೇವೆಗೆ ಖಾತೆ ಕೇಳಿದರೆ ಬಿಟ್ಟು ಮುಂದೆ ಹೋಗಿ, ಮನೆಯ ಸರ್ವರನ್ನೇ ಆರಿಸಿ.

ಪರದೆಯ ಒಂದು ಭಾಗ ಬೆರಳಿಗೆ ಸ್ಪಂದಿಸದಿದ್ದರೆ ಮೊದಲು ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಬೇರೆ ಅಡಾಪ್ಟರ್ ಹಾಕಿ ನೋಡಿ. ಕೊಳಕು ವಿದ್ಯುತ್ತು ಕೆಪಾಸಿಟಿವ್ ಪರದೆಯನ್ನು ಮಂಕು ಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ಪರದೆಯ ರಿಪೇರಿಗೆ ಕೈ ಹಾಕಬೇಡಿ. ರಿಮೋಟ್ ಇದೆ, ಫೋನ್ ಇದೆ. ಶಬ್ದಕ್ಕೆ ಪರದೆ ಬೇಕಿಲ್ಲ.

ಮಂಗಳೂರು, ಉಡುಪಿ, ಕಾರವಾರದ ಕಡೆಯ ತೇವ ಮತ್ತು ಉಪ್ಪುಗಾಳಿಗೆ ಆರ್‌ಸಿಎ ಕಿಂಡಿಗಳು ಮಂಕಾಗಿ, ಒಂದು ಕಡೆಯ ಸ್ಪೀಕರ್ ಬಂದು ಹೋಗಿ ಮಾಡುತ್ತದೆ. ಆಂಪ್ಲಿಫೈಯರ್ ಆಫ್ ಮಾಡಿ, 99% ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಕಡ್ಡಿ ಹತ್ತಿಯಲ್ಲಿ ಒಳಗೂ ಹೊರಗೂ ಒರೆಸಿ, ಪ್ಲಗ್ಗನ್ನು ನಾಲ್ಕೈದು ಸಲ ತಿರುವಿ ಹಾಕಿ ತೆಗೆಯಿರಿ. ಮಲೆನಾಡಿನಲ್ಲಿ ಗುಡುಗು ಶುರುವಾದರೆ ಪ್ಲಗ್ ಕಿತ್ತರಷ್ಟೇ ಸಾಲದು, ಈಥರ್‌ನೆಟ್ ಕೇಬಲನ್ನೂ ಕೀಳಿ. ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬರುತ್ತದೆ.

ಟಚ್‌ನ ಒಡಹುಟ್ಟಿದವುಗಳ, ಅಂದರೆ ಸ್ಕ್ವೀಝ್‌ಬಾಕ್ಸ್‌ನ ಬೇರೆ ಮಾದರಿಗಳ ಬಗ್ಗೆ ಎರಡು ಮಾತು. ಕ್ಲಾಸಿಕ್‌ನ ಹೊಳೆಯುವ ವಿಎಫ್‌ಡಿ ಪರದೆ ಉರಿದಷ್ಟೂ ಮಾಸುತ್ತದೆ, ಮಾಸಿದ್ದು ಮರಳದು. ಆಫ್ ಇದ್ದಾಗ ಗಡಿಯಾರ ತೋರಿಸದೆ ಪರದೆ ಖಾಲಿ ಇರುವಂತೆ ಮಾಡಿ. ಕ್ಲಾಸಿಕ್ ನುಡಿಸುವುದು 48 ಕಿಲೋಹರ್ಟ್ಸ್‌ವರೆಗೆ ಮಾತ್ರ. ಬೂಮ್ ಮತ್ತು ರೇಡಿಯೋಗಳಲ್ಲಿ ಸವೆಯುವುದು ತಿರುಗುವ ನಾಬ್‌ನ ಎನ್‌ಕೋಡರ್: ಏರಿಸಿದರೆ ದನಿ ಇಳಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಕೆಲವು ತಿಂಗಳು ನಡೆಸೀತು, ಪರಿಹಾರ ಎನ್‌ಕೋಡರ್ ಬದಲಿಸುವುದೇ. ರೇಡಿಯೋದ 12 ವೋಲ್ಟ್ ನಿಕಲ್ ಬ್ಯಾಟರಿ ಹಳೆಯದಿದ್ದರೆ ತೆಗೆದಿಡಿ, ಸೋರಿದರೆ ಕಿಂಡಿಯ ಲೋಹವನ್ನು ತಿನ್ನುತ್ತದೆ.

ಈಗ ಕೊಳ್ಳಬಹುದೆ? ಮನೆಯಲ್ಲಿ ಸರ್ವರ್ ನಡೆಸುವ ಆಸಕ್ತಿ ಇದ್ದು, ಡ್ಯಾಕ್ ಇದ್ದು, ಆಂಪ್ಲಿಫೈಯರ್ ಪಕ್ಕ ಕೂತು ಬೆರಳಲ್ಲೇ ಆರಿಸಿ ಕೇಳುವ ಸುಖ ಬೇಕೆಂದರೆ, ಖಂಡಿತ. ಬರೀ ಆನ್‌ಲೈನ್ ಹಾಡು ಕೇಳುವವರು ಬೇರೆ ನೋಡಿ. ಪೈ ಮೇಲೆ ಡ್ಯಾಕ್ ಹ್ಯಾಟ್ (ಪೈ ಮೇಲೇ ಕೂರುವ ಡ್ಯಾಕ್ ಹಲಗೆ) ಹಾಕಿ ಸ್ಕ್ವೀಝ್‌ಲೈಟ್ ಎಂಬ ಪ್ಲೇಯರ್ ತಂತ್ರಾಂಶ ಓಡಿಸಿದರೆ ಇದೇ ಸರ್ವರ್‌ಗೆ ಹೊಸ ಪ್ಲೇಯರ್ ಸಿಗುತ್ತದೆ. ಮಾರುವವರ ಮನೆಗೆ ಹೋದಾಗ ನಿಮ್ಮದೇ 5 ವೋಲ್ಟ್ ಅಡಾಪ್ಟರ್ ಒಯ್ಯಿರಿ, ಫೋನ್‌ನ 2.4 ಗಿಗಾಹರ್ಟ್ಸ್ ಹಾಟ್‌ಸ್ಪಾಟ್‌ಗೆ ಟಚ್ ಸೇರಿಸಿ, ಪರದೆಯ ನಾಲ್ಕು ಮೂಲೆ ಒತ್ತಿ, ಸರ್ವರ್ ಹಾಕಿದ ಲ್ಯಾಪ್‌ಟಾಪನ್ನೂ ಅದೇ ಹಾಟ್‌ಸ್ಪಾಟ್‌ಗೆ ಸೇರಿಸಿ ಅರ್ಧ ಗಂಟೆ ನಿಲ್ಲಿಸದೆ ನುಡಿಸಿ. ಮೂರೂ ಔಟ್‌ಪುಟ್ ಬದಲಿಸಿ ಬದಲಿಸಿ ಕೇಳಿ. ಅರ್ಧ ಗಂಟೆಯಲ್ಲಿ ಒಂದು ಸಲವೂ ರೀಬೂಟ್ ಆಗದಿದ್ದರೆ, ರಿಮೋಟ್ ಇಲ್ಲದಿದ್ದರೂ, ಮೂಲ ಅಡಾಪ್ಟರ್ ಇಲ್ಲದಿದ್ದರೂ ತೆಗೆದುಕೊಳ್ಳಿ. ಅಡಾಪ್ಟರ್ ಹೇಗೂ ಹೊಸದೇ ಬೇಕು.